ಗೂಬೆ ಬಂದ ಮನೆ

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲವಾದ್ದರಿಂದ ಕೆಲವು ಕಡೆ ವಿವರಣೆಯನ್ನು ಹಿಗ್ಗಿಸಿದ್ದೇನೆ. ನಡುವೆ ಕೇಳಿಬಂದ ಪ್ರಶ್ನೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಐದನೆಯ ತರಗತಿಯಲ್ಲಿದ್ದಾಗ ನಮ್ಮ ಮನೆಯ ಅಟ್ಟಕ್ಕೆ ಒಂದು ಗೂಬೆ ಬಂದು ಕುಳಿತಿತ್ತು. ಬೆಳಗಾಗುತ್ತಲೇ ಅಜ್ಜಿ ಮನೆಗೆ ಬೀಗ ಹಾಕಿಸಿದರು. ಹದಿನೈದು ದಿನ ನಾವೆಲ್ಲ ಚಿಕ್ಕಪ್ಪನ ಮನೆಯಲ್ಲಿದ್ದೆವು. ಪುರೋಹಿತರು ಬಂದು ಶಾಂತಿ ಮಾಡಿಸಿದ ಮೇಲೆಯೇ ನಮ್ಮ ಒಲೆ ಮತ್ತೆ ಹೊತ್ತಿದ್ದು. ಮನೆಯಲ್ಲಿ ಎಲ್ಲರೂ ಹೆದರಿದ್ದರು. ನಾನು ಮಾತ್ರ ಟಾರ್ಚು ಹಿಡಿದು ಏಣಿ ಹತ್ತಿ ಅದರ ಮುಖ ನೋಡಿದ್ದೆ. ತಟ್ಟೆಯಂಥ ಮುಖ, ಅದರಲ್ಲಿ ಎರಡು ದುಂಡು ಕಣ್ಣು. ಅಷ್ಟು ನೇರವಾಗಿ ಬೇರೆ ಯಾವ ಹಕ್ಕಿಯೂ ನನ್ನನ್ನು ನೋಡಿರಲಿಲ್ಲ.

ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ನಮ್ಮ ಭಾಷೆಯಲ್ಲಿ ‘ಗೂಬೆ ಕೂರಿಸುವುದು’ ಎನ್ನುತ್ತೇವೆ. ಅಂಥ ಭಾಷೆಯಲ್ಲಿ ಬೆಳೆದ ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿದೆ. ಆ ಅವಧಿಯ ನಡುವಿನಲ್ಲೆಲ್ಲೋ ಈ ಚಿತ್ರ ಕಣ್ಣಿಗೆ ಬಿತ್ತು. ನೋಡಿ: ಕಪ್ಪು ಮೈಯ ಒಂದು ಗೂಬೆ ನಮ್ಮನ್ನೇ ದಿಟ್ಟಿಸುತ್ತಿದೆ. ತಲೆಯಿಂದ ಉದ್ದುದ್ದ ಗರಿಗಳು ಸೂರ್ಯನ ಕಿರಣಗಳ ಹಾಗೆ ಹೊರಟಿವೆ. ಬಾಲ ಬಾಗಿ ಮೇಲೆದ್ದಿದೆ. ಇದಕ್ಕೆ ‘ಮಂತ್ರಮುಗ್ಧ ಗೂಬೆ’ ಎಂದು ಹೆಸರು ಹೇಳಬಹುದು. 1960ರ ಅಚ್ಚು. ಒಟ್ಟು 50 ಪ್ರತಿಗಳು. ಅರ್ಧದಲ್ಲಿ ಕಪ್ಪಿನ ಜೊತೆಗೆ ಕೆಂಪು, ಇನ್ನರ್ಧದಲ್ಲಿ ಹಸಿರು. ಕೆನಡಾದ ಅತಿ ಹೆಚ್ಚು ಜನ ಗುರುತಿಸುವ ಚಿತ್ರಗಳಲ್ಲಿ ಇದೂ ಒಂದು. ಇದನ್ನು ಬರೆದವರು ಒಂದು ಪುಟ್ಟ ದ್ವೀಪದ ಹೆಣ್ಣುಮಗಳು, ಕೆನೊಜುವಾಕ್ ಆಶೆವಾಕ್. ಇಂದು ನಾನು ಹೇಳಬೇಕೆಂದಿರುವುದು ಅವರ ಬಗ್ಗೆ, ಅವರ ಊರಿನ ಬಗ್ಗೆ ಮತ್ತು ಅವರು ಪ್ರಾಣಿಗಳನ್ನು ಪ್ರೀತಿಸಿದ ರೀತಿಯ ಬಗ್ಗೆ. ಈ ಮೂರನ್ನು ಬೇರೆ ಬೇರೆಯಾಗಿ ಹೇಳಲು ನನಗೆ ಬರುವುದಿಲ್ಲ.

ಕೆನಡಾದ ಉತ್ತರಕ್ಕೆ ಬ್ಯಾಫಿನ್ ಎಂಬ ಭಾರಿ ದ್ವೀಪವಿದೆ. ಅದರ ದಕ್ಷಿಣ ಕರಾವಳಿಗೆ ಅಂಟಿಕೊಂಡಂತೆ ಡಾರ್ಸೆಟ್ ಎಂಬ ಸಣ್ಣ ದ್ವೀಪ. ಅದರ ಮೇಲಿರುವ ಊರನ್ನು ನಕ್ಷೆಗಳು ಬಹುಕಾಲ ಕೇಪ್ ಡಾರ್ಸೆಟ್ ಎಂದು ತೋರಿಸಿದವು. 2020ರಲ್ಲಿ ಊರಿನ ಮೂಲ ಹೆಸರೇ ಅಧಿಕೃತವಾಯಿತು: ಕಿಂಗಾಯಿತ್. ಅಲ್ಲಿನವರ ಇನುಕ್ಟಿಟುಟ್ ಭಾಷೆಯಲ್ಲಿ ಬೆಟ್ಟಗಳು ಎಂದರ್ಥ. ಜನಸಂಖ್ಯೆ ಸುಮಾರು 1,400. ಮರವೆಂಬುದೇ ಇಲ್ಲ. ಬಂಡೆ, ಹಿಮ, ಪಾಚಿ, ಕಡಲು. ನಾವು ಶಾಲೆಯಲ್ಲಿ ಎಸ್ಕಿಮೊ ಎಂದು ಓದಿದ ಜನ ತಮ್ಮನ್ನು ಕರೆದುಕೊಳ್ಳುವುದು ಇನೂಯಿಟ್ ಎಂದು. ಆ ಮಾತಿಗೆ ಮನುಷ್ಯರು ಎಂಬುದಷ್ಟೇ ಅರ್ಥ. ಪಾಠಪುಸ್ತಕದ ಆ ಹಳೆಯ ಹೆಸರನ್ನು ನಾವೂ ಬಿಟ್ಟುಬಿಡುವುದು ಒಳ್ಳೆಯದು.

ಕೆನೊಜುವಾಕ್ ಹುಟ್ಟಿದ್ದು 1927ರ ಅಕ್ಟೋಬರ್ 3ರಂದು, ಬ್ಯಾಫಿನ್ ದ್ವೀಪದ ದಕ್ಷಿಣ ತೀರದ ಇಕಿರಸಾಕ್ ಎಂಬ ಬಿಡಾರದಲ್ಲಿ, ಹಿಮದ ಮನೆಯೊಳಗೆ. ತೀರಿಕೊಂಡಿದ್ದ ತಾಯಿಯ ತಂದೆಯ ಹೆಸರನ್ನೇ ಮಗುವಿಗೆ ಇಟ್ಟರು. ಹೋದವರ ಹೆಸರು ಹೊತ್ತ ಮಗುವಿಗೆ ಅವರಿಗೆ ಸಲ್ಲುತ್ತಿದ್ದ ಪ್ರೀತಿ, ಗೌರವವೆಲ್ಲ ಸಲ್ಲಬೇಕೆಂಬುದು ಅಲ್ಲಿನ ನಂಬಿಕೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಂದೆ ಉಶುವಾಕ್‌ಜುಕ್ ಬೇಟೆಗಾರ, ಜೊತೆಗೆ ಶಾಮನ್. ನಮ್ಮ ಕಡೆ ಮೈಮೇಲೆ ದೈವ ಬರುವ ಪಾತ್ರಿಗಳಿಲ್ಲವೇ, ಅವರಿಗೆ ಹತ್ತಿರದವರು ಎಂದಿಟ್ಟುಕೊಳ್ಳಿ. ಹವಾಮಾನವನ್ನು ಮುಂಚೆಯೇ ಹೇಳುತ್ತಿದ್ದರು, ಮೀನುಗಳನ್ನು ನೀರಿನ ಮೇಲಕ್ಕೆ ಕರೆಯುತ್ತಿದ್ದರು, ವಾಲ್ರಸ್ ಎಂಬ ಕೋರೆಹಲ್ಲಿನ ಕಡಲಪ್ರಾಣಿಯಾಗಿ ಮಾರ್ಪಡುತ್ತಿದ್ದರು ಎಂದು ಅವರ ಬಗ್ಗೆ ಹೇಳಿಕೆಗಳಿವೆ. 1933ರಲ್ಲಿ ಅವರ ಕೊಲೆಯಾಯಿತು. ಮಗಳಿಗಿನ್ನೂ ಆರು ವರ್ಷ ತುಂಬುವ ಸಮಯ. ತಾಯಿ ಮಕ್ಕಳನ್ನು ಕಟ್ಟಿಕೊಂಡು ಅಜ್ಜಿಯ ಬಳಿಗೆ ಹೋದರು. ಆ ಅಜ್ಜಿ ಮೊಮ್ಮಗಳಿಗೆ ಕಲಿಸಿದ್ದು ಚರ್ಮದ ಕೆಲಸ: ಸೀಲ್ ಎಂಬ ಕಡಲಪ್ರಾಣಿಯ ಚರ್ಮ ಹದ ಮಾಡುವುದು, ಹರಿದದ್ದನ್ನು ಸರಿಪಡಿಸುವುದು, ಕ್ಯಾರಿಬೂ ಜಿಂಕೆಯ ನರದ ಎಳೆಯಿಂದ ನೀರು ಒಳಗಿಳಿಯದಂತೆ ಬಟ್ಟೆ ಹೊಲಿಯುವುದು. ಈ ಹೊಲಿಗೆಯನ್ನು ನೆನಪಿನಲ್ಲಿಡಿ. ಗಂಡನ ಬಟ್ಟೆಯಲ್ಲಿ ಒಂದು ಹೊಲಿಗೆ ಸಡಿಲವಾದರೆ ಆ ಚಳಿಯಲ್ಲಿ ಅವನು ಹಿಂದಿರುಗದಿರಬಹುದು. ಕೆನೊಜುವಾಕ್ ಅವರ ಗೆರೆಯಲ್ಲಿ ಕಾಣುವ ಹಿಡಿತ ಪೆನ್ಸಿಲಿನಿಂದ ಬಂದದ್ದಲ್ಲ, ಸೂಜಿಯಿಂದ ಬಂದದ್ದು ಎಂದು ನಾನು ನಂಬಿದ್ದೇನೆ.

(ಇಲ್ಲಿ ಮುಂದಿನ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. “ಮೇಡಂ, ಪ್ರಾಣಿಗಳ ಚರ್ಮ ಹೊದ್ದುಕೊಂಡವರು ಪ್ರಾಣಿಪ್ರೇಮಿ ಹೇಗಾಗುತ್ತಾರೆ?” ಎಂದು ಕೇಳಿದಳು. ಈ ಪ್ರಶ್ನೆಯನ್ನು ನಾನೇ ಕೊನೆಯಲ್ಲಿ ಎತ್ತಬೇಕೆಂದಿದ್ದೆ. ಅವಳು ಬೇಗ ಕೇಳಿದ್ದು ಒಳ್ಳೆಯದೇ ಆಯಿತು.)

ಮಗೂ, ಅಲ್ಲಿ ಬೆಳೆ ಬೆಳೆಯುವುದಿಲ್ಲ. ಆ ಕಾಲದಲ್ಲಿ ಅನ್ನ, ರೊಟ್ಟಿ, ಸೊಪ್ಪು ಯಾವುದೂ ಇರಲಿಲ್ಲ. ಸೀಲ್‌ನ ಮಾಂಸ ಊಟ, ಅದರ ಕೊಬ್ಬು ದೀಪದ ಎಣ್ಣೆ. ಕುಡ್ಲಿಕ್ ಎಂಬ ಕಲ್ಲಿನ ಹಣತೆಯಲ್ಲಿ ಆ ಎಣ್ಣೆ ಉರಿದರೆ ಮನೆಗೆ ಬೆಳಕೂ ಹೌದು, ಬೆಚ್ಚಗೂ ಹೌದು, ಅಡುಗೆಯೂ ಅದರ ಮೇಲೆಯೇ. ಚರ್ಮದಿಂದ ಬೂಟು, ದೋಣಿ, ಬೇಸಿಗೆಯ ಡೇರೆ. ಬೇಟೆಯಾದ ಸೀಲ್‌ನ ಬಾಯಿಗೆ ಸ್ವಲ್ಪ ಸಿಹಿನೀರು ಬಿಡುವುದು ಇನೂಯಿಟ್ ಬೇಟೆಗಾರರ ಹಳೆಯ ಪದ್ಧತಿ. ಜೀವಮಾನವೆಲ್ಲ ಉಪ್ಪುನೀರಿನಲ್ಲಿದ್ದ ಪ್ರಾಣಿಗೆ ಬಾಯಾರಿರುತ್ತದೆ. ನೀರು ಕುಡಿಸಿ ಕಳುಹಿಸಿದರೆ ಅದರ ಜೀವ ಮತ್ತೆ ಸೀಲ್ ಆಗಿ ತಮ್ಮ ಬಳಿಗೇ ಬರುತ್ತದೆ ಎಂದು ಅವರು ತಿಳಿದಿದ್ದರು. ಹೊರಟ ಜೀವದ ಬಾಯಿಗೆ ಕೊನೆಯ ಗುಟುಕು ನೀರು ಬಿಡುವುದು ನಮ್ಮ ಮನೆಗಳಲ್ಲೂ ಇದೆಯಲ್ಲ. ಅಲ್ಲಿ ಆ ನೀರು ಸೀಲ್‌ಗೆ ಸಿಗುತ್ತಿತ್ತು.

ಇದರ ಪಕ್ಕದಲ್ಲೇ ಇನ್ನೊಂದು ಸಂಗತಿ ಇಡುತ್ತೇನೆ. ಎಳೆಯ ಬಿಳಿ ಸೀಲ್ ಮರಿಗಳನ್ನು ಬಡಿದು ಕೊಲ್ಲುವ ವಾಣಿಜ್ಯ ಬೇಟೆಯ ಚಿತ್ರಗಳು ಜಗತ್ತನ್ನು ಕಲಕಿದವು. 1983ರಲ್ಲಿ ಯುರೋಪಿನ ದೇಶಗಳ ಕೂಟ ಆ ಮರಿಗಳ ಚರ್ಮದ ಆಮದನ್ನು ನಿಷೇಧಿಸಿತು. ಇನೂಯಿಟ್ ಜನ ಹಿಡಿಯುತ್ತಿದ್ದುದು ಆ ಮರಿಗಳನ್ನಲ್ಲ. ಮುಖ್ಯವಾಗಿ ಬೆಳೆದ ಬೇರೆ ಜಾತಿಯ ಸೀಲ್‌ಗಳನ್ನು, ಅದೂ ಉಣ್ಣಲಿಕ್ಕಾಗಿ. ಆದರೆ ಕೊಳ್ಳುವವರು ಭೇದ ನೋಡಲಿಲ್ಲ. ಸೀಲ್ ಚರ್ಮವೆಂದರೆ ಮುಖ ತಿರುಗಿಸಿದರು, ಬೆಲೆ ನೆಲಕ್ಕೆ ಬಿತ್ತು, ಬೇಟೆಗೆ ಬೇಕಾದ ಇಂಧನ ಕೊಳ್ಳಲು ಕೂಡ ಎಷ್ಟೋ ಕುಟುಂಬಗಳ ಬಳಿ ಕಾಸಿಲ್ಲದಂತಾಯಿತು. ದೂರದ ನಗರಗಳಲ್ಲಿದ್ದವರ ಪ್ರಾಣಿಪ್ರೀತಿಯೂ ನಿಜವಾದದ್ದೇ, ನಾನು ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಸೀಲ್‌ನ ಹಿಮಗಡ್ಡೆಯಲ್ಲಿನ ಉಸಿರಾಟದ ಕಿಂಡಿಯ ಬಳಿ ಗಂಟೆಗಟ್ಟಲೆ ಅಲುಗಾಡದೆ ನಿಂತು ಅದನ್ನು ಬಲ್ಲವರ ಪ್ರೀತಿಯನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂಬುದು ನನಗೆ ಇಂದಿಗೂ ನೋವು.

ಮತ್ತೆ ಹಿಂದಕ್ಕೆ ಹೋಗೋಣ. ಕೆನೊಜುವಾಕ್ ಜಾನಿಬೊ ಎಂಬ ಬೇಟೆಗಾರನನ್ನು ಮದುವೆಯಾದರು. ಬಿಡಾರದಿಂದ ಬಿಡಾರಕ್ಕೆ ನಾಯಿಬಂಡಿಯಲ್ಲಿ ಸಾಗುವ ಬದುಕು. 1952ರಲ್ಲಿ ಅವರಿಗೆ ಕ್ಷಯ ತಗುಲಿತು. ಆಗಷ್ಟೇ ಹೆರಿಗೆಯಾಗಿತ್ತು. ಆ ಸ್ಥಿತಿಯಲ್ಲೇ ಅವರನ್ನು ದೂರದ ಕ್ವಿಬೆಕ್ ನಗರದ ಆಸ್ಪತ್ರೆಗೆ ಸಾಗಿಸಿದರು. ಹಸುಗೂಸು ನೆರೆಯ ಕುಟುಂಬದ ಪಾಲಾಯಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಅವರು ಆ ಆಸ್ಪತ್ರೆಯಲ್ಲಿದ್ದರು. ಅವರ ಮಕ್ಕಳಲ್ಲಿ ಕೆಲವರು ಆ ಅವಧಿಯಲ್ಲೇ ತೀರಿಕೊಂಡರು. ಅವರೊಬ್ಬರ ಕಥೆಯಲ್ಲ ಇದು. 1950ರ ದಶಕದ ನಡುವಿನಲ್ಲಿ ಕೆನಡಾದ ಇನೂಯಿಟ್ ಜನರಲ್ಲಿ ಹೆಚ್ಚುಕಡಿಮೆ ಏಳರಲ್ಲಿ ಒಬ್ಬರು ದಕ್ಷಿಣದ ಕ್ಷಯ ಆಸ್ಪತ್ರೆಗಳಲ್ಲಿದ್ದರು. ಆಸ್ಪತ್ರೆಯ ಹಾಸಿಗೆಯ ಮೇಲೆ ಕುಳಿತು ಕೆನೊಜುವಾಕ್ ಬೊಂಬೆ ಹೊಲಿಯುವುದನ್ನು, ಮಣಿ ಪೋಣಿಸುವುದನ್ನು ಕಲಿತರು. 1955ರಲ್ಲಿ ಊರಿಗೆ ಮರಳಿದರು.

ಅದೇ ಹೊತ್ತಿಗೆ ಜೇಮ್ಸ್ ಹೂಸ್ಟನ್ ಎಂಬ ಚಿತ್ರಕಾರ ತನ್ನ ಹೆಂಡತಿ ಆಲ್ಮಾ ಜೊತೆ ಸರ್ಕಾರದ ಪರವಾಗಿ ಕೇಪ್ ಡಾರ್ಸೆಟ್‌ಗೆ ಬಂದರು. ಅಚ್ಚಿನ ಕೆಲಸ ಅಲ್ಲಿ ಶುರುವಾದ ಕಥೆಯನ್ನು ಹೂಸ್ಟನ್ ಹೀಗೆ ಹೇಳಿದ್ದಾರೆ: ಓಸುಯಿಟೋಕ್ ಎಂಬ ಶಿಲ್ಪಿ ಎರಡು ಸಿಗರೇಟು ಪೊಟ್ಟಣಗಳನ್ನು ಹಿಡಿದು, ಒಂದೇ ನಾವಿಕನ ತಲೆಯನ್ನು ಯಾರೋ ಪೊಟ್ಟಣದಿಂದ ಪೊಟ್ಟಣಕ್ಕೆ ಮತ್ತೆ ಮತ್ತೆ ಬರೆಯುತ್ತಾ ಕೂರಬೇಕಲ್ಲ, ಎಷ್ಟು ಬೇಸರದ ಕೆಲಸ ಎಂದನಂತೆ. ಹೂಸ್ಟನ್ ಅವನೇ ಕೆತ್ತಿದ್ದ ದಂತಕ್ಕೆ ಮಸಿ ಬಳಿದು, ತೆಳು ಕಾಗದ ಒತ್ತಿ ತೆಗೆದು ತೋರಿಸಿದರು. ಆಮೇಲೆ ಜಪಾನಿಗೆ ಹೋಗಿ ಮರದಚ್ಚಿನ ಗುರು ಹಿರಾತ್ಸುಕಾ ಉನ್‌ಇಚಿ ಅವರ ಬಳಿ ಕಲಿತು ಬಂದರು. ಆದರೆ ಈ ಊರಿನಲ್ಲಿ ಮರವೆಲ್ಲಿದೆ? ಕಲ್ಲಿದೆ, ಕಲ್ಲು ಕೆತ್ತುವ ಕೈಗಳಿವೆ. ಹಾಗಾಗಿ ಅಚ್ಚಿಗೆ ಕಲ್ಲೇ ಆಯಿತು.

ಕೆನೊಜುವಾಕ್ ಬಳಿ ಆಗ ಅವರೇ ಮಾಡಿದ ಒಂದು ಸೀಲ್ ಚರ್ಮದ ಚೀಲವಿತ್ತು. ಅದರ ಮೇಲೆ ಚರ್ಮದ ತುಂಡುಗಳನ್ನು ಕತ್ತರಿಸಿ ಕೂಡಿಸಿದ ಒಂದು ಆಕಾರ, ಕಡಲ ಪಾಚಿ ತಿನ್ನುತ್ತಿರುವ ಮೊಲ. ಅದನ್ನು ಕಂಡ ಹೂಸ್ಟನ್ ಕಾಗದ ಪೆನ್ಸಿಲು ಕೊಟ್ಟು ಚಿತ್ರ ಬರೆಯಲು ಹೇಳಿದರು. ಆ ಮೊಲವೇ 1959ರ ಸಂಗ್ರಹದಲ್ಲಿ ಅವರ ಮೊದಲ ಅಚ್ಚಾಗಿ ಹೊರಬಂತು. ಹಳೆಯ ಸೀರೆ ತುಂಡುಗಳಿಂದ ಕೌದಿ ಹೊಲಿಯುವ ನಮ್ಮ ಹೆಣ್ಣುಮಕ್ಕಳಿಗೆ ಈ ಮೊಲ ತಕ್ಷಣ ಅರ್ಥವಾಗುತ್ತದೆ. ನೆರಳು ಬೆಳಕಿನ ಗೊಡವೆಯಿಲ್ಲ, ದೂರ ಹತ್ತಿರದ ಲೆಕ್ಕವಿಲ್ಲ, ಅಂಚು ಮಾತ್ರ ಕರಾರುವಾಕ್ಕು.

ಈಗ ಅಚ್ಚಿನ ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಮಾತಿನ ಗುಟ್ಟು ಇಲ್ಲಿದೆ. ನಮ್ಮಲ್ಲಿ ಕಲ್ಲಚ್ಚು ಎಂದರೆ ಲಿಥೋ, ಕಲ್ಲನ್ನು ಕೆತ್ತದೆ ಅದರ ಮೇಲೆ ಜಿಡ್ಡಿನಿಂದ ಬರೆದು ತೆಗೆಯುವ ಅಚ್ಚು. ಇದು ಅದಲ್ಲ. ಮರದಚ್ಚಿನ ಹಾಗೆಯೇ ಕಲ್ಲನ್ನು ಕೆತ್ತಿ ಮಾಡುವ ಅಚ್ಚು. ಚಿತ್ರ ಬರೆಯುವವರು ಕಾಗದದ ಮೇಲೆ ಬರೆದುಕೊಡುತ್ತಾರೆ. ಇನ್ನೊಬ್ಬರು ಅದನ್ನು ಮಟ್ಟಸ ಮಾಡಿದ ಕಲ್ಲಿನ ಮೇಲೆ ಇಳಿಸಿ, ಗೆರೆ ಉಳಿಸಿ ಮಿಕ್ಕಿದ್ದನ್ನು ಉಳಿಯಿಂದ ತೆಗೆಯುತ್ತಾರೆ. ಮಸಿಯನ್ನು ರೋಲರಿನಿಂದ ಹಚ್ಚುತ್ತಾರೆ. ಎರಡು ಮೂರು ಬಣ್ಣವಿದ್ದರೆ ಒಂದೇ ಕಲ್ಲಿನ ಮೇಲೆ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಬಣ್ಣ. ಮೇಲೆ ಜಪಾನಿನ ಕೈಕಾಗದ ಹಾಸಿ, ಯಂತ್ರವಿಲ್ಲದೆ ಕೈಯಿಂದಲೇ ಉಜ್ಜಿ ತೆಗೆಯುತ್ತಾರೆ. ಪ್ರತಿಯೊಂದು ಪ್ರತಿಗೂ ಮತ್ತೆ ಮಸಿ, ಮತ್ತೆ ಉಜ್ಜು. ನಾನು ಮಕ್ಕಳಿಂದ ಲಿನೋಲಿಯಂ ಕೆತ್ತಿಸುತ್ತಿದ್ದಾಗ ಐದನೆಯ ಪ್ರತಿಗೇ ಅವರ ತೋಳು ಬಿದ್ದುಹೋಗುತ್ತಿತ್ತು. ಇವರು ಐವತ್ತು ತೆಗೆಯುತ್ತಾರೆ, ಐವತ್ತೂ ಒಂದೇ ಹದದಲ್ಲಿ.

ಆ ಮೊದಲ ವರ್ಷಗಳ ಅಚ್ಚುಗಾರರ ಹೆಸರುಗಳನ್ನೂ ನಾವು ನೆನೆಯಬೇಕು: ಕನಾಂಗಿನಾಕ್ ಪೂಟೂಗೂಕ್, ಈಗಿವುಡ್ಲುಕ್ ಪೂಟೂಗೂಕ್, ಇಯೋಲಾ ಕಿಂಗ್ವಾಟ್ಸಿಯಾಕ್, ಲುಕ್ತಾ ಕಿಯಾತ್ಸುಕ್. ಅಚ್ಚಿನ ಅಂಚಿನಲ್ಲಿ ಪುಟ್ಟ ಪುಟ್ಟ ಮುದ್ರೆಗಳನ್ನು ನೋಡಬಹುದು. ಚಿತ್ರ ಬರೆದವರದೊಂದು, ಕೆತ್ತಿದವರದೊಂದು, ಮೂರನೆಯದು ಕೆಂಪು ಬಣ್ಣದ ಹಿಮಮನೆಯ ಗುರುತು. ಅದು ಊರಿನ ಸಹಕಾರ ಸಂಘದ ಮುದ್ರೆ.

ಸಹಕಾರ ಸಂಘ ಎಂದರೆ ಈ ಸಭೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಸೊಸೈಟಿಗೆ ಹಾಲು ಹಾಕಿ ಬಂದವರೇ ಅರ್ಧಕ್ಕಿಂತ ಹೆಚ್ಚು ಇದ್ದೀರಿ. ವೆಸ್ಟ್ ಬ್ಯಾಫಿನ್ ಸಹಕಾರ ಸಂಘ 1959ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಊರಿನವರು ಹಾಕಿದ್ದು ಚಿತ್ರ. ಸಂಘವೇ ಚಿತ್ರ ಕೊಂಡು, ಅಚ್ಚು ಹಾಕಿಸಿ, ಹೊರಗೆ ಮಾರಿ, ಲಾಭವನ್ನು ಊರಿಗೇ ತಂದಿತು. ಅದರ ಅಂಗಡಿಯಲ್ಲಿ ದಿನಸಿಯೂ ಸಿಗುತ್ತದೆ. ಸಂಘದ ಒಡೆಯರು ಊರಿನವರೇ. ಅಂದಿನಿಂದ ಪ್ರತಿ ವರ್ಷವೂ ಅಲ್ಲಿಂದ ಒಂದು ಸಂಗ್ರಹ ಹೊರಬರುತ್ತಿದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಊರಿನ ದುಡಿಯುವವರಲ್ಲಿ ಐದರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಕಲೆಯಿಂದ ಬದುಕುತ್ತಿದ್ದರು. ಇಷ್ಟು ದೊಡ್ಡ ಪಾಲು ಕಲಾವಿದರಿರುವ ಊರು ಕೆನಡಾದಲ್ಲಿ ಬೇರೆ ಇರಲಿಲ್ಲ.

ಕೆನೊಜುವಾಕ್ ಈ ಸಂಘದ ಬೆನ್ನೆಲುಬು. ಸಮುದಾಯಕ್ಕಾಗಿ ಅವರು ಏನು ಮಾಡಿದರು ಎಂದು ಕೇಳಿದರೆ ನಾನು ಭಾಷಣ, ಸಭೆ, ಸಮಿತಿಗಳನ್ನು ಹುಡುಕುವುದಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ಅವರು ಸಂಘಕ್ಕೆ ಚಿತ್ರ ಕೊಟ್ಟರು. ಅವರು ಬರೆದ ಒಂದು ಗೂಬೆಯಿಂದ ಕೆತ್ತುವವರ ಮನೆಯಲ್ಲಿ, ಉಜ್ಜುವವರ ಮನೆಯಲ್ಲಿ, ಕಟ್ಟಿ ಕಳುಹಿಸುವವರ ಮನೆಯಲ್ಲಿ ಊಟವಾಯಿತು. 1963ರಲ್ಲಿ ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿ ಅವರ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಿತು. ಅದರಿಂದ ಬಂದ ಹಣದಲ್ಲಿ ಜಾನಿಬೊ ಸ್ವಂತದ ಒಂದು ದೋಣಿ ಕೊಂಡರು, ಇನ್ನೊಬ್ಬರನ್ನು ಕಾಯದೆ ಬೇಟೆಗೆ ಹೋಗುವಂತಾದರು. ಹೆಂಡತಿ ಬರೆದ ಪ್ರಾಣಿಗಳು ಗಂಡನಿಗೆ ದೋಣಿಯಾಗಿ, ಆ ದೋಣಿ ಮಕ್ಕಳಿಗೆ ಸೀಲ್ ಮಾಂಸವಾಗಿ ಬಂತು. ಈ ಸುತ್ತನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬುತ್ತದೆ.

ನಾಯಿಗಳ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1960ರಲ್ಲೇ ಅವರದೊಂದು ಅಚ್ಚಿದೆ: ನಾಯಿಗಳ ಕಣ್ಣಿಗೆ ಆತ್ಮಗಳು ಕಾಣುವುದು ಅದರ ವಸ್ತು. ರಾತ್ರಿ ನಾಯಿ ಊಳಿಟ್ಟರೆ ಅದಕ್ಕೆ ಏನೋ ಕಾಣಿಸಿದೆ ಎಂದು ನಮ್ಮ ಹಿರಿಯರೂ ಹೇಳುತ್ತಿದ್ದರು. ಇನೂಯಿಟ್ ಬದುಕಿನಲ್ಲಿ ನಾಯಿಯೇ ಬಂಡಿ, ನಾಯಿಯೇ ದಾರಿ, ಹಿಮಗಾಳಿಯಲ್ಲಿ ಮನೆ ತಲುಪಿಸುವುದೂ ನಾಯಿಯೇ. 1950ರಿಂದ 70ರ ದಶಕಗಳ ನಡುವೆ, ಬಿಡಾರಗಳಲ್ಲಿದ್ದ ಜನರನ್ನು ಸರ್ಕಾರ ಊರುಗಳಿಗೆ ತಂದು ಕೂರಿಸಿದ ಕಾಲದಲ್ಲಿ, ಬಿಚ್ಚಿಬಿಟ್ಟ ನಾಯಿಗಳೆಂಬ ಕಾರಣ ಕೊಟ್ಟು ಪೊಲೀಸರು ಮತ್ತು ಅಧಿಕಾರಿಗಳು ಬಹಳಷ್ಟು ಬಂಡಿನಾಯಿಗಳನ್ನು ಗುಂಡಿಟ್ಟು ಕೊಂದರು. ಬ್ಯಾಫಿನ್ ಸೀಮೆಯ ಇನೂಯಿಟ್ ಜನರೇ ನೇಮಿಸಿದ ಕಿಕಿಕ್ತಾನಿ ಸತ್ಯ ಆಯೋಗ ಇದನ್ನೆಲ್ಲ ಜನರ ಬಾಯಿಂದ ಕೇಳಿ ದಾಖಲಿಸಿತು. 2019ರಲ್ಲಿ ಕೆನಡಾ ಸರ್ಕಾರ ಕ್ಷಮೆ ಕೇಳಿತು. ನಾಯಿ ಹೋದವನು ಬೇಟೆಗೆ ಹೋಗಲಾರ. ಬೇಟೆ ಹೋದ ಮೇಲೆ ಊರಿನಿಂದ ಹೊರಗೆ ಕಾಲಿಡಲು ಕಾರಣವೇ ಉಳಿಯುವುದಿಲ್ಲ. ಕೆನೊಜುವಾಕ್ ಮತ್ತು ಜಾನಿಬೊ ಕೂಡ 1966ರಲ್ಲಿ, ಮಕ್ಕಳ ಶಾಲೆಗಾಗಿ, ಬಿಡಾರದ ಬದುಕು ಬಿಟ್ಟು ಊರಿನಲ್ಲಿ ನೆಲೆಸಿದರು. ಆಮೇಲೆ ಅವರು ಬರೆದ ಹಕ್ಕಿ, ಮೀನು, ನಾಯಿ, ಮೊಲಗಳನ್ನು ನೋಡುವಾಗ ಇದು ನನ್ನ ಮನಸ್ಸಿನಲ್ಲಿರುತ್ತದೆ. ಆದರೂ ಅವುಗಳಲ್ಲಿ ದುಃಖವನ್ನು ಹುಡುಕಲು ಹೋದರೆ ಸಿಗುವುದಿಲ್ಲ. ಕಣ್ಣಿಗೆ ಚೆಂದವಾಗಿರುವುದನ್ನು ಮಾಡುವುದೇ ತನ್ನ ಕೆಲಸ ಎಂದು ಅವರು ಹೇಳುತ್ತಿದ್ದರು. ಕಾಗದದ ಒಂದು ಮೂಲೆಯಿಂದ ಗೆರೆ ಹೊರಡುತ್ತದೆ, ಗರಿಯಾಗುತ್ತದೆ, ಗರಿಯ ತುದಿ ಮೀನಾಗುತ್ತದೆ, ಮೀನಿನ ಬಾಲ ಹೆಣ್ಣಿನ ಮುಖವಾಗುತ್ತದೆ. ಎಲ್ಲಿ ಪ್ರಾಣಿ ಮುಗಿದು ಮನುಷ್ಯ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ವಾಲ್ರಸ್ ಆಗಬಲ್ಲ ಎಂದು ಜನ ನಂಬಿದ್ದ ತಂದೆಯ ಮಗಳಿಗೆ ಅಲ್ಲಿ ಗಡಿ ಯಾಕಿರಬೇಕು?

ಗೌರವಗಳನ್ನು ಬೇಗ ಹೇಳಿಬಿಡುತ್ತೇನೆ. 1967ರಲ್ಲಿ ಆರ್ಡರ್ ಆಫ್ ಕೆನಡಾ ಎಂಬ ರಾಷ್ಟ್ರೀಯ ಗೌರವ. 1970ರಲ್ಲಿ ಗೂಬೆ ಅಂಚೆಚೀಟಿಯ ಮೇಲೆ ಬಂತು. ಅದೇ ವರ್ಷ ಜಪಾನಿನ ಒಸಾಕಾ ವಿಶ್ವಮೇಳದ ಕೆನಡಾ ಮಂಟಪಕ್ಕೆ ಗಂಡಹೆಂಡಿರಿಬ್ಬರೂ ಸೇರಿ ಕೆತ್ತಿದ ಗೋಡೆ. ಈ ಊರು ಸೇರಿರುವ ನುನಾವುತ್ ಪ್ರದೇಶ ಹುಟ್ಟಿದ 1999ರ ಏಪ್ರಿಲ್‌ನಲ್ಲಿ ಕೆನಡಾದ 25 ಸೆಂಟಿನ ನಾಣ್ಯದ ಮೇಲೆ ಅವರ ಗೂಬೆ ಮತ್ತು ಕರಡಿ. 2017ರಲ್ಲಿ ಹತ್ತು ಡಾಲರಿನ ವಿಶೇಷ ನೋಟಿನ ಮೇಲೆ ಮತ್ತೊಂದು ಗೂಬೆ. ಅದನ್ನು ನೋಡಲು ಅವರಿರಲಿಲ್ಲ. 2013ರ ಜನವರಿ 8ರಂದು, 85ನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ಕೇಪ್ ಡಾರ್ಸೆಟ್‌ನ ತಮ್ಮ ಮನೆಯಲ್ಲೇ ತೀರಿಕೊಂಡರು. ಹನ್ನೊಂದು ಮಕ್ಕಳನ್ನು ಹೆತ್ತು, ಐವರನ್ನು ದತ್ತು ಪಡೆದು, ಏಳು ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡ ತಾಯಿ ಅವರು. ಹೊರಗಿನ ಸನ್ಮಾನಗಳಿಗೆ ಹೋಗಿ ಬಂದರೂ ಬದುಕಿದ್ದು ಊರಿನಲ್ಲೇ, ಮೊಮ್ಮಕ್ಕಳ ನಡುವೆಯೇ.

ಅವರ ಸೋದರ ಸಂಬಂಧದ ಮಗ ಟಿಮ್ ಪಿಟ್ಸಿಯುಲಾಕ್ ಈ ಅತ್ತೆಯನ್ನು ನೋಡಿಯೇ ಚಿತ್ರದ ಕಡೆ ಹೊರಳಿದವರು. ಬೇಟೆಗಾರರೂ ಹೌದು. ತಿಮಿಂಗಿಲ, ಕರಡಿಗಳನ್ನು ಹತ್ತಿರದಿಂದ ಕಂಡ ಕಣ್ಣಿನಿಂದ, ದೊಡ್ಡ ದೊಡ್ಡ ಹಾಳೆಗಳ ಮೇಲೆ ಬರೆದರು. ಅತ್ತೆಯ ಗೂಬೆ ಕನಸಿನದು. ಇವರ ತಿಮಿಂಗಿಲದ ಮೈಮೇಲಿನ ಗಾಯದ ಗುರುತನ್ನೂ ಎಣಿಸಬಹುದು. 2016ರಲ್ಲಿ, ಐವತ್ತು ತುಂಬುವ ಮೊದಲೇ ಅವರೂ ಹೋದರು. 2018ರಲ್ಲಿ ಊರಿನಲ್ಲಿ ಅಚ್ಚಿನ ಮನೆಯೂ ಸೇರಿದಂತೆ ಹೊಸ ಸಾಂಸ್ಕೃತಿಕ ಕೇಂದ್ರ ತೆರೆಯಿತು. ಅದಕ್ಕೆ ಕೆನೊಜುವಾಕ್ ಅವರ ಹೆಸರು.

(ಮಾತು ಮುಗಿದ ಮೇಲೆ ಹಿರಿಯರೊಬ್ಬರು ಗೂಬೆಯ ಬೆಲೆ ಕೇಳಿದರು. 2018ರ ಹರಾಜಿನಲ್ಲಿ ಕೆಂಪು ಬಾಲದ ಒಂದು ಪ್ರತಿ 2,16,000 ಕೆನಡಾ ಡಾಲರಿಗೆ ಹೋಯಿತು ಎಂದೆ. ಸಭೆ ಸ್ವಲ್ಪ ಹೊತ್ತು ಮೌನವಾಗಿತ್ತು. ಆಮೇಲೆ ಅದೇ ಹುಡುಗಿ ಮತ್ತೆ ಕೈ ಎತ್ತಿದಳು.)

“ಆ ಕಲ್ಲು ಈಗ ಎಲ್ಲಿದೆ ಮೇಡಂ?”

ಅಚ್ಚಿನ ಕೆಲಸ ಕಲಿತವರು ಕೇಳುವ ಪ್ರಶ್ನೆ ಇದು. ಲೆಕ್ಕದ ಪ್ರತಿಗಳು ಮುಗಿದ ಮೇಲೆ ಕಲ್ಲನ್ನು ಇಟ್ಟುಕೊಳ್ಳುವುದು ಕಿಂಗಾಯಿತ್‌ನ ಪದ್ಧತಿಯಲ್ಲ. ಕೆತ್ತಿದ್ದನ್ನೆಲ್ಲ ಅರೆದು, ಮತ್ತೆ ಮಟ್ಟಸ ಮಾಡಿ, ಮುಂದಿನ ಚಿತ್ರಕ್ಕೆ ಕೊಡುತ್ತಾರೆ. ಗೂಬೆ ಕುಳಿತಿದ್ದ ಕಲ್ಲಿನ ಮೇಲೆ ಆಮೇಲೆ ಯಾರದೋ ಸೀಲ್ ಬಂದಿರಬಹುದು, ಯಾರದೋ ಕರಡಿ ಬಂದಿರಬಹುದು.